ಶಾಂತಿಗೆ ಮೊದಲೇ ಮಗಳ ಮುಖ

ಹೌದು ಬ್ಯಾಡಗಿ ಮಾವ, ಮಗಳ ಮುಖ ನೋಡಿಬಿಟ್ಟೆ. "ಮೂಲಾ ನಕ್ಷತ್ರದಾಗ ಹುಟ್ಟೇತಿ, ಶಾಂತಿ ಆಗೂತನಕ ಅಪ್ಪ ಮುಖ ನೋಡಬಾರ್ದು" ಅಂತ ನೀನು ಫೋನಿನಲ್ಲಿ ಬೈದದ್ದು ನೆನಪಿದೆ. ಖರೇ ಹೇಳಬೇಕೆಂದರೆ ಆ ಮಾತು ನನಗೆ ಅನುಕೂಲವೇ ಆಗಿತ್ತು. ತಿಂಗಳು ತುಂಬದೆ ಹುಟ್ಟಿದ ಕೂಸನ್ನು ನಳಿಕೆಗಳ ನಡುವೆ ನೋಡುವ ಧೈರ್ಯ ನನಗಿರಲಿಲ್ಲ.

ಗೆಳೆಯರೇ, ಇವತ್ತು ಮಧ್ಯಾಹ್ನ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಐಸಿಯು ಬಾಗಿಲು ತೆರೆದು ನರ್ಸಕ್ಕ ಕರೆದರು. "ಅಪ್ಪ ಯಾರ್ರಿ? ತಾಯಿಗೆ ಇನ್ನೂ ಏಳಾಕ ಆಗವಲ್ದು. ನೀವರ ಬಂದು ಕೂಸಿನ ಮ್ಯಾಲೆ ಕೈ ಇಡ್ರಿ."

"ಮುಖ ನೋಡಬಾರ್ದು ಅಂದಾರ್ರಿ ಅಕ್ಕಾರ."

"ಹಂಗಾರ ಕಣ್ಣು ಮುಚ್ಕೊಂಡ ಬರ್ರಿ."

ಕೈ ತೊಳೆದು, ಕಣ್ಣು ಮುಚ್ಚಿ ಹೋದೆ. ಅವರೇ ನನ್ನ ಕೈ ಹಿಡಿದು ಕೂಸಿನ ತಲೆಯ ಮೇಲಿಟ್ಟರು. ಬೆಚ್ಚಗಿತ್ತು, ನನ್ನ ಅಂಗೈಗಿಂತ ಸಣ್ಣದು. ಅಷ್ಟರಲ್ಲಿ ಯಂತ್ರ ಕಿರುಚಿತು. ಎಲ್ಲಾ ಮುಗಿಯಿತು ಅಂದುಕೊಂಡು ಕಣ್ಣು ಬಿಟ್ಟೆ.

"ವಯರ್ ಸರದೈತ್ರಿ, ಅಷ್ಟ. ಕೂಸು ಉಸಿರಾಡಾಕತ್ತೇತಿ. ನೀವೂ ಉಸಿರಾಡ್ರಿ."

ಮಗಳು ನನ್ನ ಹಾಗೆಯೇ ಹುಬ್ಬು ಗಂಟಿಕ್ಕಿ ಮಲಗಿದ್ದಳು. ಮಾವ, ನೀನು ಹೇಳಿದ ಶಾಂತಿ ಮಾಡಿಸೋಣ, ಮೊದಲು ಅವಳು ಮನೆಗೆ ಬರಲಿ. ಡಾಕ್ಟರು ಇನ್ನೂ ಏನೂ ಹೇಳುತ್ತಿಲ್ಲ.

"ಬಾಗಲಾ ಸಾವಕಾಶ ಹಾಕ್ರಿ, ಕೂಸುಗಳು ಬೆಚ್ಚತಾವ" ಅಂದರು ನರ್ಸಕ್ಕ, ನಾನು ಹೊರಡುವಾಗ. ಮನೆಯಲ್ಲಿ ನಾನು ಬಾಗಿಲು ಹಾಕಿದರೆ ಗೋಡೆ ಗಡಿಯಾರ ಅಲುಗುತ್ತದೆ ಅಂತ ಅವ್ವ ದಿನಾ ಬೈಯುತ್ತಾಳೆ. ಇವತ್ತು ಹೊರಗೆ ಬಂದು ಎರಡೂ ಕೈಯಿಂದ ಹಿಡಿದು ಹಾಕಿದೆ. ಮುಚ್ಚಿತೋ ಇಲ್ಲವೋ ನನಗೇ ಗೊತ್ತಾಗಲಿಲ್ಲ.