ಬತ್ತಿ ಶೆಡ್ಡಿನ ಅಕ್ಕ

ಎಷ್ಟು ತಿಕ್ಕಿ ತೊಳೆದರೂ ಅಕ್ಕನ ಅಂಗೈ ಗೆರೆಗಳಲ್ಲಿ ಇದ್ದಿಲ ಪುಡಿ ಕಪ್ಪಗೆ ಕೂತೇ ಇರುತ್ತಿತ್ತು. ಅದೇ ಕೈಯಲ್ಲಿ ಬೆವರು ಒರೆಸಿಕೊಂಡು ಹಣೆಗೂ ಬಳಿದುಕೊಳ್ಳುವಳು. ನಾವು ನಕ್ಕರೆ, "ನಿಮ್ ಮೂತಿ ನೋಡ್ಕಳ್ರಮ್ಮಿ ಮೊದ್ಲು" ಅನ್ನುವಳು. ನಮ್ಮ ಮೂತಿಗಳೇನೂ ಕಮ್ಮಿ ಇರಲಿಲ್ಲ ಬಿಡಿ.

ಅದು ತೊಂಬತ್ತರ ದಶಕದ ಕೊನೆ. ನಂಜನಗೂಡಿನ ಒಂದು ಗಲ್ಲಿಯಲ್ಲಿ ಅಕ್ಕನ ಊದುಬತ್ತಿ ಶೆಡ್ಡಿತ್ತು. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು, ಮಣೆಯ ಮೇಲೆ ಇದ್ದಿಲ ಪುಡಿ ಬೆರೆಸಿದ ಮಸಾಲೆ ಹಿಟ್ಟನ್ನು ಬಿದಿರು ಕಡ್ಡಿಗೆ ಹೊಸೆಯುತ್ತಿದ್ದೆವು. ಕೈಯಷ್ಟೇ ಜೋರಾಗಿ ಬಾಯಿಯೂ ಓಡುತ್ತಿತ್ತು. ಒಬ್ಬಳು ಸೀನಿದರೆ ಸಾಕು, ಉಳಿದವರೆಲ್ಲ ಒಂದೊಂದು ಕಷಾಯ ಹೇಳುವವರೇ.

ಮಗಳು ಹುಟ್ಟಿದ ಮೇಲೆ ನನಗೆ ಶೆಡ್ಡಿಗೆ ಹೋಗಲಾಗಲಿಲ್ಲ. "ಮನೇಲೇ ಬತ್ತಿ ಹೊಸ್ದು ಕೊಡ್ತೀನಿ, ಕೆಲ್ಸ ಬುಡುಸ್ಬೇಡ ಅಕ್ಕ" ಎಂದು ಗೋಗರೆದೆ. ಅಕ್ಕ ಮಣೆ, ಹಿಟ್ಟು, ಕಡ್ಡಿ ಕಟ್ಟಿಕೊಟ್ಟಳು. ನನ್ನನ್ನು ನೋಡಿ ಉಳಿದವರೂ ಕೇಳಿದರು. ತಾಂಡವಪುರದಿಂದ ಬಸ್ಸಿಗೆ ನೇತಾಡಿಕೊಂಡು ಬರುತ್ತಿದ್ದವರಿಗಂತೂ ಹಬ್ಬವೇ ಆಯಿತು. ವರ್ಷ ತಿರುಗುವುದರೊಳಗೆ ಶೆಡ್ಡು ಖಾಲಿ. ಅಕ್ಕ ಅದನ್ನು ಬಿಟ್ಟುಕೊಟ್ಟು, ಒಬ್ಬಳೇ ಇದ್ದ ತನ್ನ ಮನೆಯಲ್ಲೇ ಹಿಟ್ಟು ಕಲಸತೊಡಗಿದಳು.

ಮನೆಯಲ್ಲಿ ಕೂತರೆ ಕೆಲಸ ಜಾಸ್ತಿ ಆಗುತ್ತದೆಂದು ಯಾವ ಪುಣ್ಯಾತ್ಮರು ಹೇಳಿದರೋ! ಹಿಟ್ಟಿಗೆ ಕೈ ಹಾಕಿದೆನೋ ಇಲ್ಲವೋ, ನಲ್ಲಿ ನೀರು ಬಂತು, ನೆಂಟರು ಬಂದರು, ಹಾಲು ಉಕ್ಕಿತು. "ಮನೇಲೇ ಇದ್ದೀಯಲ್ಲ" ಎನ್ನುವುದೊಂದೇ ಅತ್ತೆಯ ಮಾತು. ಶೆಡ್ಡಿನಲ್ಲಿ ಮಧ್ಯಾಹ್ನಕ್ಕೆ ಮುಗಿಯುತ್ತಿದ್ದದ್ದು ದೀಪ ಹಚ್ಚುವ ಹೊತ್ತಾದರೂ ಮುಗಿಯದು. ಹಿಟ್ಟು ಒಣಗಿ ಬತ್ತಿ ಬಿರುಕು ಬಿಡುತ್ತಿತ್ತು. ಇನ್ನು ಈ ಕೆಲಸವೂ ಹೋಯಿತು ಎಂದು ಹೆದರಿದ್ದೆ.

ಅಕ್ಕ ಬೈಯಲಿಲ್ಲ. ಒಂದು ಬೆಳಿಗ್ಗೆ ಮನೆಗೇ ಬಂದಳು. "ಏಳಮ್ಮಿ. ತಲೆ ಬಾಚ್ಕೊ, ಚಪ್ಲಿ ಮೆಟ್ಕೊ" ಎಂದು ನನ್ನನ್ನು ಬೀದಿ ಕೊನೆವರೆಗೂ ನಡೆಸಿ, ಮತ್ತೆ ನಮ್ಮದೇ ಮನೆಯ ಹಿತ್ತಿಲ ಬಾಗಿಲಿಂದ ಒಳಗೆ ಕರೆತಂದು ಮಣೆ ಮುಂದೆ ಕೂರಿಸಿದಳು. ಆಮೇಲೆ ಅತ್ತೆಗೆ, "ನೋಡವ್ವ, ನಿನ್ ಸೊಸೆ ಕೆಲ್ಸುಕ್ಕೋದ್ಲು. ಮದ್ಯಾನದ ಗಂಟ ಮನೇಲಿಲ್ಲ" ಎಂದಳು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಮಾತ್ರ ದಿನಾ ಹಾಗೇ ಮಾಡಿದೆ. ಕೊನೆಕೊನೆಗೆ, ನಾನು ಹಿತ್ತಿಲಲ್ಲಿ ಹೊಸೆಯುತ್ತಿದ್ದರೂ ಅತ್ತೆಯೇ ಬಂದವರಿಗೆ, "ಅವ್ಳು ಕೆಲ್ಸುಕ್ಕೋಗವಳೆ" ಎನ್ನುತ್ತಿದ್ದರು! ಮಗಳು ಆ ಬತ್ತಿಯ ದುಡ್ಡಿನಲ್ಲೇ ಬೆಳೆದಳು. ಆ ಋಣ ನನ್ನ ಮೇಲಿದೆ.

ಆದರೆ ಅಕ್ಕನ ಮನೆಗೆ ಹೋಗಿ ನೋಡುವವರು ಯಾರಿದ್ದರು? ಹೊಸೆದದ್ದನ್ನು ವಾರಕ್ಕೊಮ್ಮೆ ನಮ್ಮ ನಮ್ಮ ಪುರುಸೊತ್ತಿಗೆ ಕೊಟ್ಟು ಓಡಿಬರುತ್ತಿದ್ದೆವು. ಒಂದು ದೀಪಾವಳಿಗೆ ಟಿ. ನರಸೀಪುರದ ಅಂಗಡಿಗಳಿಗೆ ಮಾಲು ಹೋಗಬೇಕಿತ್ತು. ಶನಿವಾರ ಬೆಳಿಗ್ಗೆ ಎಲ್ಲರೂ ಬನ್ನಿ ಎಂದು ಅಕ್ಕ ಮೊದಲೇ ಹೇಳಿದ್ದಳು. ಹೋದರೆ ಬಾಗಿಲು ಮುಚ್ಚಿತ್ತು. "ದಣಿದು ಮಲ್ಗವಳೆ, ಎಬ್ಬುಸ್ಬೇಡ್ರಿ ಪಾಪ" ಎಂದಳು ಒಬ್ಬಳು. ಎಷ್ಟು ಕಾಲವಾಗಿತ್ತು ನಾವೆಲ್ಲ ಒಟ್ಟಿಗೆ ಸೇರಿ! ಜಗುಲಿ ಮೇಲೆ ಕೂತು ಹರಟಿದೆವು, ಬಿದ್ದು ಬಿದ್ದು ನಕ್ಕೆವು.

ಬಿಸಿಲೇರಿದ ಮೇಲೆ ಬಾಗಿಲು ತಳ್ಳಿದೆವು. ಅಕ್ಕ ಹಿಟ್ಟಿನ ಬಾನಿಯ ಪಕ್ಕ ಬಿದ್ದಿದ್ದಳು. ಮೈ ಕೆಂಡ. ಜ್ವರ ಹಿಡಿದು ಎಷ್ಟು ದಿನವಾಗಿತ್ತೋ, ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ವ್ಯಾನಿನಲ್ಲಿ ಮೈಸೂರಿಗೆ ಸಾಗಿಸುವಾಗ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. "ನಾವು ಹೊರ್ಗೇ ಇದ್ವಲ್ಲ, ಒಂದ್ಸಲ ಕೂಗ್ಬಾರ್ದಿತ್ತಾ ಅಕ್ಕ?" ಎಂದು ಅಳುತ್ತಾ ಕೇಳಿದೆ.

"ನಿಮ್ ನಗು ಕೇಳ್ತಿತ್ತು ಕಣಮ್ಮಿ" ಎಂದಳು. "ಶೆಡ್ಡಲ್ಲೇ ಇದ್ದೀನಿ ಅಂದ್ಕಂಡು ಸುಮ್ಗೆ ಮನೀಕಂಡಿದ್ದೆ."

ಅಕ್ಕ ಮಾರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು.