ಅಣ್ಣನ ಕೆಂಪು ಅಕ್ಷರಗಳು

ಕುರುಗೋಡಿನಲ್ಲಿ ಮೇಷ್ಟ್ರಾಗಿದ್ದ ನನ್ನ ಅಣ್ಣ ರಜೆ ಸಿಕ್ಕಾಗಲೆಲ್ಲ ಸಿರುಗುಪ್ಪಕ್ಕೆ, ನಮ್ಮ ಸೋದರತ್ತೆಯ ಮನೆಗೆ ಹೋಗುತ್ತಿದ್ದ. ಅತ್ತೆಗೆ ಭತ್ತದ ನಾಟಿ ಹಾಡುಗಳು ಬರುತ್ತಿದ್ದವು. ಅವಳು ಹಾಡಿದ್ದನ್ನು ಕಂಪ್ಯೂಟರಿನ ಎಕ್ಸೆಲ್ಲಿನ ಚೌಕದ ಮನೆಗಳಲ್ಲಿ, ಒಂದು ಮನೆಗೆ ಒಂದು ಸಾಲಿನಂತೆ ಕೂರಿಸುತ್ತಿದ್ದ. ಅತ್ತೆ ಮರೆತ ಜಾಗಕ್ಕೆ ತಾನೇ ಮಾತು ಕಟ್ಟಿ ತುಂಬುತ್ತಿದ್ದ. ಹಾಗೆ ತುಂಬಿದ್ದನ್ನು ಮಾತ್ರ ಕೆಂಪು ಮಾಡುತ್ತಿದ್ದ.

"ಕಪ್ಪು ಅಕಿದು, ಕೆಂಪು ನಂದು. ನಾಳಿ ಯಾರೂ ಮೋಸ ಹೋಗಬಾರದು ನೋಡು," ಎನ್ನುತ್ತಿದ್ದ.

ಹೋದ ವರ್ಷ ಅವನು ಎದೆನೋವಿನಿಂದ ತೀರಿಕೊಂಡ. ಹಾಡುಗಳನ್ನು ಪುಸ್ತಕ ಮಾಡಬೇಕೆಂದು ಸತ್ಯನಾರಾಯಣಪೇಟೆಯ ನನ್ನ ಮನೆಯಲ್ಲಿ ಅವನ ಪೆನ್‌ಡ್ರೈವ್ ಹಾಕಿ ನೋಡಿದೆ. ಅವನು ಬಳಸಿದ್ದು ಹಳೆಯ ಕನ್ನಡ ಫಾಂಟು; ನನ್ನ ಲ್ಯಾಪ್‌ಟಾಪಿನಲ್ಲಿ ಅದಿರಲಿಲ್ಲ. ಎಕ್ಸೆಲ್ಲಿನ ಮನೆಮನೆಯಲ್ಲೂ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಕ್ಕೆಗಳ ಕಲಸುಮೇಲೋಗರ. ಒಂದು ಪದವೂ ತಿಳಿಯಲಿಲ್ಲ. ಆದರೆ ಆ ಗೊಂದಲದ ನಡುವೆ ಅಲ್ಲಲ್ಲಿ ಕೆಂಪು ಇತ್ತು. ಅದು ಅಣ್ಣನ ಮಾತು ಎಂದು ಗೊತ್ತು, ಏನು ಮಾತು ಎಂದು ಗೊತ್ತಿಲ್ಲ.

ಮರುದಿನ ನಮ್ಮೂರಿನ ಬ್ರೂಸ್‌ಪೇಟೆಯ ಒಂದು ಡಿಟಿಪಿ ಅಂಗಡಿಗೆ, ಈಗಿನ ಫಾಂಟಿಗೆ ಬದಲಿಸಿಕೊಡಿ ಎಂದು, ಬೇರೆ ಪ್ರತಿ ಇಟ್ಟುಕೊಳ್ಳದೆ ಅದೇ ಪೆನ್‌ಡ್ರೈವ್ ಕೊಟ್ಟು ಬಂದೆ. ಸಂಜೆ ಹೋದಾಗ ಪರದೆಯ ತುಂಬ ಚಂದದ ಕನ್ನಡ. ಎಲ್ಲವೂ ಕಪ್ಪು.

"ಕೆಂಪು ಎಲ್ಲಿ ಹೋತ್ರಿ?" ಎಂದೆ.

"ಕನ್ವರ್ಟ್ ಮಾಡಿದ್ರ ಬಣ್ಣ ಉಳಿಯಂಗಿಲ್ರಿ ಅಕ್ಕಾರ. ಬರೇ ಅಕ್ಷರ ಬರ್ತಾವ," ಎಂದ ಅಂಗಡಿಯವನು.

"ಹಳೇ ಫೈಲ್ ತಗೀರಿ ಹಂಗಾರ."

ಅವನು ಹುಡುಕಿದ, ತಲೆ ಕೆರೆದುಕೊಂಡ. "ಅದರ ಮ್ಯಾಲ ಸೇವ್ ಆಗೇತ್ರಿ," ಎಂದ. ದನಿ ಸಣ್ಣಗಾಗಿತ್ತು.

ಫೈಲು ಒಮ್ಮೆ ಮುಚ್ಚಿದ ಮೇಲೆ ಮಾಡಿದ್ದನ್ನು ರದ್ದುಮಾಡಿ ಹಿಂದಕ್ಕೆ ಹೋಗುವ ಗುಂಡಿಯೂ ಕೆಲಸ ಮಾಡುವುದಿಲ್ಲ. ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್ ಹಾಕಿಸಿದೆ; ಸಿಕ್ಕಿದ್ದೂ ಕಪ್ಪು ಪ್ರತಿಯೇ. ಅಣ್ಣನ ಹಳೆಯ ಕಂಪ್ಯೂಟರ್ ಆಗಲೇ ಗುಜರಿ ಸೇರಿತ್ತು. ಬುದ್ಧಿಗೆ ತಿಳಿದಿದ್ದರೂ ಕೈ ಬಿಡದೆ ಒಂದೊಂದೇ ಮನೆಯ ಮೇಲೆ ಒತ್ತಿ ನೋಡುತ್ತಿದ್ದೆ, ಎಲ್ಲೋ ಒಂದು ಅಕ್ಷರಕ್ಕಾದರೂ ಬಣ್ಣ ಅಂಟಿಕೊಂಡಿರಬಹುದೆಂದು.

ಉಳಿದವಳು ಅತ್ತೆ. ಎಲ್ಲವನ್ನೂ ಪ್ರಿಂಟ್ ತೆಗೆಸಿ ಸಿರುಗುಪ್ಪದ ಬಸ್ಸು ಹತ್ತಿದೆ. ಅವಳ ಮನೆಯ ಕಟ್ಟೆಯ ಮೇಲೆ ಕೂತು ಒಂದೊಂದೇ ಸಾಲು ಓದಿದೆ. ನಿನ್ನದಲ್ಲದ ಮಾತು ಬಂದರೆ ತಡೆ ಎಂದು ಹೇಳಿದ್ದೆ. ಅತ್ತೆ ಕಣ್ಣು ಮುಚ್ಚಿ ತಲೆದೂಗುತ್ತ ಕೇಳಿದಳು. ಎಲ್ಲಿಯೂ ತಡೆಯಲಿಲ್ಲ.

"'ಕೆಸರಾಗ ಇಟ್ಟ ಕಾಲು ಕೇಳತೈತಿ ದಾರಿ' — ಇದೂ ನಿಂದೇನು ಅತ್ತಿ?"

"ನಂದ."

"ಅಣ್ಣ ಕಟ್ಟಿದ್ದು ಯಾವ್ದು ಹಂಗಾರ? ನೆನಪು ಮಾಡ್ಕೋ."

ಅತ್ತೆ ಕಣ್ಣು ತೆರೆದಳು. "ಯವ್ವಾ, ಅವ ತುಂಬಿದ್ದನ್ನ ನನಗ ಹಾಡಿ ತೋರಸ್ತಿದ್ದ. ಚಲೋ ಅನಸ್ತಿತ್ತು, ನಾನೂ ಹಂಗ ಹಾಡಾಕ ಹತ್ತಿದೆ. ಈಗ ಅವಂದು ಯಾವ್ದು, ನಂದು ಯಾವ್ದು, ನನಗೂ ಗೊತ್ತಾಗವಲ್ದು."

ಅವಳು ಸಮಾಧಾನಕ್ಕೆ ಹೇಳಿದಳೇನೋ. ನನಗೆ ಮಾತ್ರ ಅಣ್ಣನನ್ನು ಎರಡನೇ ಸಲ ಕಳಕೊಂಡಂತಾಯಿತು. ಕತೆ, ಕವಿತೆ ಎಂದು ಅವನು ಏನೂ ಬರೆದವನಲ್ಲ. ಅವನದೇ ಎನ್ನುವ ಮಾತುಗಳಿದ್ದದ್ದು ಆ ಸಾಲುಗಳಲ್ಲಿ ಮಾತ್ರ. ಅವು ಈಗಲೂ ನನ್ನ ಕೈಯಲ್ಲೇ ಇವೆ, ದಿನಾ ಓದುತ್ತೇನೆ, ಯಾವುವೆಂದು ತಿಳಿಯದು.

ಊರಿಗೆ ಬಂದು ನನಗೆ ಅವನದೆನಿಸಿದ ಒಂದು ಸಾಲನ್ನು ಆರಿಸಿ ಕೆಂಪು ಮಾಡಿದೆ. ನೋಡಿದೆ. ಅದು ನನ್ನ ಊಹೆಯ ಬಣ್ಣವಾಗಿತ್ತು. ತೆಗೆದುಹಾಕಿದೆ.

ಪುಸ್ತಕ ಅಚ್ಚಿಗೆ ಹೋಗಿದೆ. ಹಾಡಿದವರು ಎಂಬಲ್ಲಿ ಅತ್ತೆಯ ಹೆಸರಿದೆ, ಸಂಗ್ರಹಿಸಿದವರು ಎಂಬಲ್ಲಿ ಅಣ್ಣನದು. ಕರಡು ತಿದ್ದಲು ಪುಟಗಳ ಕಟ್ಟು ಬಂದು ಮೇಜಿನ ಮೇಲೆ ಬಿದ್ದಿದೆ. ಒಳಗಿರುವುದೆಲ್ಲ ಕಪ್ಪೇ ಎಂದು ಗೊತ್ತು; ಇನ್ನೂ ಬಿಚ್ಚಿಲ್ಲ.