ಕುರಿ ಎಣಿಸಿದ ಹುಡುಗಿಯನ್ನು ಕರೆತರಲು ಹೋದದ್ದು

ಬೆಳಗಿನ ಏಳು ಗಂಟೆಗೆ ಚಿತ್ರದುರ್ಗದಲ್ಲಿ ಹೊಳಲ್ಕೆರೆ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಒಂದು ಶಾಲು ಮತ್ತು ಐವರು ವಿದ್ಯಾರ್ಥಿಗಳ ಫೈಲುಗಳಿದ್ದವು. ನಾನು ಸಮಾಜಕಾರ್ಯ ವಿಭಾಗದ ಮೇಷ್ಟ್ರಮ್ಮ. ನಮ್ಮ ಎಂ.ಎಸ್.ಡಬ್ಲ್ಯೂ. ವಿದ್ಯಾರ್ಥಿಗಳು ಕೊನೆಯ ವರ್ಷ ಕೆಲವು ವಾರ ಯಾವುದಾದರೊಂದು ಸಂಸ್ಥೆಯಲ್ಲಿದ್ದು, ಅಲ್ಲಿಯವರ ಕೈಕೆಳಗೆ ಕೆಲಸ ಕಲಿಯಬೇಕು. ನಡುವೆ ಒಮ್ಮೆ ನಾವು ಹೋಗಿ ನೋಡಿಕೊಂಡು ಬರಬೇಕು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಈ ಭೇಟಿಗಳಿಗೆಲ್ಲ ಪ್ರಾಂಶುಪಾಲರು ನನ್ನನ್ನೇ ಕಳಿಸುತ್ತಾರೆ. ಯಾಕೆ ಸಾರ್ ಎಂದರೆ, 'ನಿಮಗೆ ಅನುಭವ ಇದೆ' ಎನ್ನುತ್ತಾರೆ. ಇರಲಿ, ಬಿಡಿ.

ಡಿಸೆಂಬರಿನ ಚಳಿ. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ಗುಡ್ಡಗಳ ಮೇಲಿನ ಗಾಳಿ ವಿದ್ಯುತ್ತಿನ ಫ್ಯಾನುಗಳಲ್ಲಿ ಒಂದು ತಿರುಗಿದರೆ ಇನ್ನೊಂದು ಸುಮ್ಮನೆ ನಿಂತಿತ್ತು. ಒಂದು ಗಂಟೆಯಲ್ಲಿ ಹೊಳಲ್ಕೆರೆ ಬಂತು.

ಅಲ್ಲಿ ಬುದ್ಧಿಮಾಂದ್ಯ ಮಕ್ಕಳ ಶಾಲೆಯಲ್ಲಿ ನಮ್ಮ ಇಬ್ಬರು ಹುಡುಗರಿದ್ದರು. ಶಾಲೆ ನೋಡಿಕೊಳ್ಳುವವರು ನಗುತ್ತಲೇ ದೂರು ಹೇಳಿದರು: "ಹುಡುಗ್ರು ಒಳ್ಳೇವ್ರೇ ಮೇಡಂ. ಆದ್ರೆ ಮೊದಲ್ನೇ ವಾರ ಮಕ್ಕಳನ್ನ ನೋಡ್ಕಳಾದ್ರ ಜೊತೆಗೆ ಇವ್ರನ್ನೂ ನೋಡ್ಕಳಾದಾಯ್ತು." ಅಷ್ಟರಲ್ಲಿ ಆ ಇಬ್ಬರಲ್ಲಿ ಒಬ್ಬನು ಪುಟ್ಟ ಹುಡುಗಿಯೊಬ್ಬಳಿಗೆ ಅಂಕುಡೊಂಕಾಗಿ ಜಡೆ ಹೆಣೆಯುತ್ತಿದ್ದುದು ಕಾಣಿಸಿತು. ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ತೂಕಡಿಸುವ ಆಸಾಮಿ ಅವನು! ನನಗೆ ಖುಷಿಯಾಯಿತು, ಆದರೆ ಹೇಳಲಿಲ್ಲ. ಹೊಗಳಿದರೆ ಹುಡುಗರು ಕೆಡುತ್ತಾರೆ ಎಂದು ನಂಬಿಕೊಂಡೇ ನಾನು ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ.

ಬಸ್ ನಿಲ್ದಾಣದ ಎದುರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದಾಗ ಹಿರಿಯೂರಿನಿಂದ ಜಯಮ್ಮನವರ ಫೋನು ಬಂತು. ಅವರ ಸಂಸ್ಥೆ ಕುರಿಗಾರರ ಹಟ್ಟಿಗಳಲ್ಲಿ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತದೆ. ನಮ್ಮ ರಂಜಿತಾ ಎಂಬ ಹುಡುಗಿ ಅವರಲ್ಲಿದ್ದಳು.

"ಮೇಡಂ, ನಿಮ್ಮ ಹುಡುಗೀನ ಕರ್ಕಂಡು ಹೋಗ್ರಿ."

"ಯಾಕ್ರೀ, ಏನಾಯ್ತು?"

"ಹಟ್ಟೀಲಿ ಕುರಿ ಎಣಿಸವ್ಳೆ. ಬ್ಯಾಡ ಅಂದ್ರೂ ಎಣಿಸವ್ಳೆ. ಮೂರನೇ ದಿನಕ್ಕೆ ಎರಡು ಮರಿ ಸತ್ವು. ಈಗ ಒಂದು ಮಗೂನೂ ಪಾಠಕ್ಕೆ ಬರ್ತಿಲ್ಲ. ಎಂಟು ವರ್ಷ ಆ ಬಾಗ್ಲಿಗೆ ನಡ್ದು ನಡ್ದು ಅವ್ರ ನಂಬಿಕೆ ಗಳಿಸಿದ್ದೀನಿ ನಾನು."

ಕೈಯಲ್ಲಿದ್ದ ಮೆಣಸಿನಕಾಯಿ ಹಾಗೇ ಉಳಿಯಿತು. ಸಂಸ್ಥೆಯವರೇ ನಡುವೆ ವಾಪಸ್ಸು ಕಳಿಸಿದರೆ ಹುಡುಗಿ ಫೇಲಾದ ಹಾಗೆ. ವರ್ಷ ಪೂರ್ತಿ ಮತ್ತೆ ಓದಬೇಕು. ರಂಜಿತಾ ಕಾಮಾಲೆ ಬಂದು ಆಗಲೇ ಒಂದು ವರ್ಷ ಕಳೆದುಕೊಂಡವಳು. ಇನ್ನೊಂದು ಹೋದರೆ ಮನೆಯಲ್ಲಿ ಓದು ಸಾಕು ಎನ್ನುತ್ತಾರೆ ಎಂದು ಅವಳೇ ನನ್ನೆದುರು ಒಮ್ಮೆ ಅತ್ತಿದ್ದಳು. ನನಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬಂತು. ಮೂಗಿನ ತುದಿಯಲ್ಲೇ ಇರುತ್ತದೆ ಅದು. ಕುರಿಗಾರರ ಮುಂದೆ ಕುರಿ ಎಣಿಸಬಾರದು, ಎಷ್ಟಿವೆ ಎಂದು ಕೇಳಲೂ ಬಾರದು. ದೃಷ್ಟಿಯಾಗುತ್ತದೆ ಎಂದು ಅವರು ನಂಬುತ್ತಾರೆ. ಈ ಜಿಲ್ಲೆಯಲ್ಲೇ ಹುಟ್ಟಿದವಳಿಗೆ ಅಷ್ಟೂ ಗೊತ್ತಿಲ್ಲವೇ?

ಹೊಸದುರ್ಗದ ಇಬ್ಬರನ್ನು ನೋಡಿಕೊಂಡೇ ಮರುದಿನ ಹಿರಿಯೂರು ಎಂದುಕೊಂಡು ಹತ್ತಿದ ಬಸ್ಸಿನಲ್ಲಿ ಹಾಲುರಾಮೇಶ್ವರದ ದೇವಸ್ಥಾನಕ್ಕೆ ಹೊರಟ ಒಂದು ಕುಟುಂಬ ಸೀಟು ತುಂಬಾ ಬುತ್ತಿ ಹರಡಿಕೊಂಡಿತ್ತು. ಆ ಮನೆಯ ಅಜ್ಜಿ ನನ್ನ ಕೈಗೂ ಒಂದು ತುಂಡು ರೊಟ್ಟಿ, ಶೇಂಗಾ ಚಟ್ನಿ ಇಟ್ಟರು. "ತಿನ್ನಮ್ಮ, ಮಕ ಯಾಕೆ ಹಂಗೆ ಗಂಟಾಕ್ಕಂಡೀಯ?" ಎಂದರು. ತಿಂದೆ. ಗಂಟು ಬಿಚ್ಚಲಿಲ್ಲ.

ಹೊಸದುರ್ಗದಲ್ಲಿ ಹೆಂಗಸರ ಸಲಹಾ ಕೇಂದ್ರವೊಂದರಲ್ಲಿ ನಮ್ಮ ಇಬ್ಬರು ಹುಡುಗಿಯರಿದ್ದರು. ಎಲ್ಲ ಸರಿಯಾಗಿತ್ತು. ನಾನು ಕೇಂದ್ರದ ಹಿರಿಯಕ್ಕನನ್ನು ಕೇಳಿದೆ: "ನಮ್ಮ ಮಕ್ಕಳನ್ನ ಇಟ್ಟುಕೊಂಡರೆ ನಿಮಗೆ ಲಾಭವೇನು?" ಅವರು ಯೋಚಿಸಿ ಹೇಳಿದರು: "ಲಾಭ ಎಲ್ಲೈತೆ ಮೇಡಂ, ಕೆಲ್ಸ ಜಾಸ್ತಿನೇ ಆಗ್ತೈತೆ. ಆದ್ರೆ ಅವ್ರು ದಿನಾ ಯಾಕೆ, ಯಾಕೆ ಅಂತ ಕೇಳ್ತಾರೆ. ಉತ್ತರ ಹೇಳಾಕೆ ಹೋದಾಗ ನಮಗೇ ಎಷ್ಟೋ ಸಲ ಗೊತ್ತಿರಾಕಿಲ್ಲ." ಆ ರಾತ್ರಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಉಳಿದೆ. ಮುದ್ದೆ, ಹುರುಳಿ ಸಾರು ಚೆನ್ನಾಗಿತ್ತು. ರಂಜಿತಾಳಿಗೆ ಹೇಳಬೇಕಾದ ಬೈಗುಳವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಮಲಗಿದೆ.

ಮರುದಿನ ಸರ್ಕಾರಿ ಬಸ್ಸು ತಪ್ಪಿತು. ಖಾಸಗಿ ಬಸ್ಸಿನವನು ಎಪ್ಪತ್ತು ರೂಪಾಯಿ ಇಸಿದುಕೊಂಡು ಎರಡು ಗಂಟೆ ಕುಲುಕಾಡಿಸಿ ಹಿರಿಯೂರಿನಲ್ಲಿ ಇಳಿಸಿದ. ದಾರಿಯಲ್ಲಿ ಮಾರಿಕಣಿವೆ ಅಣೆಕಟ್ಟಿನ ನೀರು ಒಮ್ಮೆ ಕಂಡು ಮರೆಯಾಯಿತು. ಇನ್ನೊಂದು ದಿನವಾಗಿದ್ದರೆ ಇಳಿದು ನೋಡುತ್ತಿದ್ದೆ.

ಜಯಮ್ಮ ಕಚೇರಿಯಲ್ಲಿ ಟೀ ತರಿಸಿದರು. ಐವತ್ತು ದಾಟಿದ, ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ರಂಜಿತಾ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. "ಆಯಮ್ಮನ ಡೈರಿ ಇದು. ನಾನು ಓದಿಲ್ಲ, ಅದು ನಿಮಗೆ ಬರ್ಯಾದು," ಎಂದು ಜಯಮ್ಮ ನನ್ನ ಮುಂದಿಟ್ಟು, ಯಾರೋ ಕರೆದರೆಂದು ಹೊರಗೆ ಹೋದರು. ನಾನು ಹಾಳೆ ತಿರುವಿದೆ.

'ಹಟ್ಟಿಯವರು ಕುರಿ ಎಷ್ಟಿವೆ ಎಂದು ಹೇಳುವುದಿಲ್ಲ. ಅವೆ ಒಂದಿಷ್ಟು ಎನ್ನುತ್ತಾರೆ. ಕೇಳಬಾರದಂತೆ. ಆದ್ದರಿಂದ ವರದಿಯಲ್ಲಿ ಆ ಕಾಲಂ ಖಾಲಿ ಬಿಟ್ಟಿದ್ದೇನೆ.' ಅದರ ಎರಡು ದಿನದ ನಂತರ: 'ಮೇಡಂ ವರದಿ ವಾಪಸ್ಸು ಕಳಿಸಿದ್ದಾರೆ. ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ ಎಂದು ಬರೆದಿದ್ದಾರೆ. ಬೆಳಿಗ್ಗೆ ರೊಪ್ಪದಿಂದ ಕುರಿ ಹೊರಗೆ ಬಿಡುವಾಗ ಬಾಗಿಲಲ್ಲಿ ನಿಂತು ಎಣಿಸಿದೆ. ಅಜ್ಜ ಬೇಡ ಎಂದರು.'

ವರದಿ ವಾಪಸ್ಸು ಕಳಿಸಿದ ಆ ಮೇಡಂ ನಾನು. ಹೌದು, ನಾನೇ. ವಾಟ್ಸಾಪಿನಲ್ಲಿ ಬಂದ ಅವಳ ಮೊದಲ ವರದಿಯ ಮೇಲೆ ಕೆಂಪು ಸುತ್ತು ಹಾಕಿ 'ಅಪೂರ್ಣ' ಎಂದು ಬರೆದದ್ದು ನಾನೇ. ಖಾಲಿ ಬಿಟ್ಟ ಕಾರಣವನ್ನು ಅವಳು ಕೆಳಗೆ ಬರೆದಿದ್ದಳೋ ಏನೋ, ನಾನು ಓದಿರಲಿಲ್ಲ. ಆ ನಮೂನೆಯನ್ನು ತಯಾರಿಸಿದವಳೂ ನಾನೇ. 'ಜಾನುವಾರು: ಕುರಿ ಎಷ್ಟು, ಮೇಕೆ ಎಷ್ಟು' ಎಂದು ಕೇಳಿದವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ನಾನು ಎರಡು ದಿನ ಬಸ್ಸಿನಲ್ಲಿ ಕೂತು ಬಂದಿದ್ದೆ.

"ಇದನ್ನ ಜಯಮ್ಮನವರಿಗೆ ಯಾಕೆ ಹೇಳಲಿಲ್ಲ?" ಎಂದೆ.

"ನಿಮ್ಮ ಹೆಸ್ರು ಬರ್ತಿತ್ತು ಮೇಡಂ."

ಒಂದು ಗಳಿಗೆ, ಸುಳ್ಳು ಹೇಳುವುದಿಲ್ಲ, ಡೈರಿ ಮುಚ್ಚಿಬಿಡೋಣ ಅನ್ನಿಸಿತು. ಜಯಮ್ಮ ಓದಿಲ್ಲ, ಹುಡುಗಿ ಹೇಳುವುದಿಲ್ಲ. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು. ಜಯಮ್ಮ ಬಂದ ಕೂಡಲೇ ಆ ಪುಟ ತೆರೆದು ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ನನ್ನನ್ನು ನೋಡಿದರು.

"ನನಗೆ ಹೇಳಿದ್ರೆ ಏನು ಬಂತು ಮೇಡಂ? ಹಟ್ಟಿಗೆ ಹೋಗಾಣ ನಡೀರಿ. ಆಯಮ್ಮ ಇರ್ಬೇಕೋ ಹೋಗ್ಬೇಕೋ ಅವ್ರೇ ಹೇಳ್ಲಿ."

ಹಟ್ಟಿ ಇರುವುದು ಹರಿಯಬ್ಬೆಯ ಕಡೆ, ಬಸ್ಸಿಳಿದು ಎರಡು ಕಿಲೋಮೀಟರು ನಡಿಗೆ. ಮೂವರೂ ನಡೆದೇ ಹೋದೆವು. ಮಧ್ಯಾಹ್ನದ ಬಿಸಿಲು ಹಿತವಾಗಿತ್ತು. ಮಂದೆ ಮೇಯಲು ಹೋಗಿತ್ತು. ಈರಜ್ಜ ಎಂಬ ಹಿರಿಯರು ಬೇವಿನ ಮರದ ಕೆಳಗೆ ಎಳೆಮರಿಗಳನ್ನು ಕಾಯುತ್ತಾ ಕೂತಿದ್ದರು. ಅವರ ಸೊಸೆ ಗೌರಕ್ಕ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದವಳು ನಮ್ಮನ್ನು ನೋಡಿ ಒಳಗೆ ಹೋದಳು. ಅಜ್ಜ ಮಾತ್ರ, "ಬರ್ರಿ, ಕುಂತ್ಕಳ್ರಿ," ಎಂದು ಕಂಬಳಿ ಸರಿಸಿದರು.

ಕೂತೆ. "ಅಜ್ಜ, ಎಣಿಸು ಅಂತ ಹೇಳಿದವಳು ನಾನು. ಇವಳು ಬೇಡ ಅಂತ ಬಿಟ್ಟಿದ್ದಳು, ನಾನೇ ಬಲವಂತ ಮಾಡಿದೆ. ನಿಮ್ಮ ಮರಿ ಹೋದವು. ತಪ್ಪಾಯಿತು," ಎಂದೆ.

ಅಜ್ಜ ಒಂದು ಮರಿಯ ಕಿವಿ ಸವರಿದರು.

"ಮರಿ ಚಳೀಗೂ ಸಾಯ್ತಾವೆ ಕಣಮ್ಮ. ನಮಗೇನು ಗೊತ್ತಿಲ್ವಾ? ಡಾಕ್ಟ್ರೂ ಹಂಗೇ ಅಂದ. ದೃಷ್ಟಿನೋ ಚಳಿನೋ, ಅದು ದೇವ್ರಿಗೆ ಗೊತ್ತು. ನಾನು ಬ್ಯಾಡ ಅಂದೆ. ಈಯಮ್ಮ ನನ್ನ ಮಕ ನೋಡಿ, ಕೇಳಿಸ್ಕಂಡು, ಆಮೇಲೆ ಎಣಿಸಿದ್ಲು. ಅದು ನಮಗೆ ನೋವಾಗಿದ್ದು."

ಅಲ್ಲಿಯವರೆಗೆ ನಾನು ಒಂದು ನಂಬಿಕೆಗೆ ಕ್ಷಮೆ ಕೇಳುತ್ತಿದ್ದೇನೆ ಎಂದುಕೊಂಡಿದ್ದೆ. ಸ್ವಲ್ಪ ದೊಡ್ಡಸ್ತಿಕೆಯಿಂದಲೇ ಕೇಳಿದ್ದೆ ಎನ್ನಬೇಕು. ಅಜ್ಜನ ಮಾತು ನನ್ನನ್ನು ನೆಲಕ್ಕಿಳಿಸಿತು. ಮನುಷ್ಯರ 'ಬೇಡ'ವನ್ನು ಕೇಳಿಸಿಕೊಳ್ಳಿ ಎಂಬುದೇ ನಮ್ಮ ಮೊದಲ ಪಾಠ. ಅದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ ನಾನು!

ರಂಜಿತಾ ಮುಂದೆ ಬಂದು ಅಜ್ಜನ ಕಾಲು ಮುಟ್ಟಲು ಹೋದಳು. ಅಜ್ಜ ಕೈ ಅಡ್ಡ ಹಿಡಿದರು. "ಕಾಲೆಲ್ಲ ಬ್ಯಾಡ. ನಾಳೆಯಿಂದ ಬೆಳಿಗ್ಗೆ ಬಂದು ಮರಿಗೆ ಹಾಲು ಕುಡ್ಸಮ್ಮ. ತಾಯಿ ಹತ್ರಕ್ಕೆ ಬಿಟ್ಕಳ್ದಿರಾ ಮರಿ ಅವೆ. ಸಂಜೆ ಪಾಠ ಹೇಳು." ಆಮೇಲೆ ಜಯಮ್ಮನ ಕಡೆ ತಿರುಗಿ, "ಇರ್ಲಿ ಬಿಡಮ್ಮ, ಹುಡುಗಿ," ಎಂದರು.

ಜಯಮ್ಮ ಅಲ್ಲೇ, ಮೊಣಕಾಲಿನ ಮೇಲೆ ಫೈಲು ಇಟ್ಟುಕೊಂಡು, ತರಬೇತಿ ಮುಂದುವರಿಯಲಿ ಎಂದು ಬರೆದು ಸಹಿ ಹಾಕಿದರು. ನನ್ನ ಎದೆಯ ಭಾರ ಇಳಿಯಿತು.

ಜಯಮ್ಮ ಹಟ್ಟಿಯಲ್ಲೇ ಉಳಿದರು. ರಂಜಿತಾ ನನ್ನನ್ನು ರಸ್ತೆಯವರೆಗೆ ಕಳಿಸಲು ಬಂದಳು. ನಾನು ಹಗುರಾಗಿದ್ದೆ, ದಾರಿಯುದ್ದಕ್ಕೂ ಅದೂ ಇದೂ ಮಾತಾಡಿದೆ. ವರ್ಷ ಉಳಿಯಿತಲ್ಲ, ಇನ್ನು ಮೇಲೆ ಡೈರಿ ಹೀಗೆ ಬರೆ, ಹಾಗೆ ಬರೆ ಎಂದು ಬುದ್ಧಿಯನ್ನೂ ಹೇಳಿದೆ. ಅವಳು ಹೂಂ, ಹೂಂ ಎನ್ನುತ್ತಿದ್ದಳು. ದೂರದಲ್ಲಿ ಬಸ್ಸಿನ ಹಾರ್ನು ಕೇಳಿದಾಗ ನಿಂತಳು.

"ಮೇಡಂ, ಒಂದ್ ಮಾತು. ಬೈಬ್ಯಾಡ್ರಿ."

"ಹೇಳು."

"ಜಯಮ್ಮಕ್ಕಂಗೆ ಹೇಳಿದ್ರಿ. ಅಜ್ಜಂಗೂ ತಪ್ಪಾಯ್ತು ಅಂದ್ರಿ. ಒಂಬತ್ತು ದಿನ ಹಟ್ಟೀಲಿ ಯಾರೂ ನನ್ನ ಮಾತಾಡಿಸ್ಲಿಲ್ಲ. ನನಗೂ ಹೇಳ್ತೀರ ಅನ್ಕಂಡಿದ್ದೆ."

ಅವಳ ಕಣ್ಣು ತುಂಬಿರಲಿಲ್ಲ. ಸಿಟ್ಟೂ ಇರಲಿಲ್ಲ. ಕೇಳಬೇಕಾದ್ದನ್ನು ಕೇಳಿದ್ದಳು, ಅಷ್ಟೇ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೂ ಆ ಮಾತು ಹೇಳಿದವಳಲ್ಲ ನಾನು. ಬಸ್ಸು ಬಂದು ನಿಂತಿತು. ಕಂಡಕ್ಟರು, "ಬೇಗ ಹತ್ತಮ್ಮ," ಎಂದು ಕೂಗಿದ. ಅವಳ ಎರಡೂ ಕೈ ಹಿಡಿದುಕೊಂಡು, "ತಪ್ಪಾಯಿತು ರಂಜಿತಾ. ನೀನು ಸರಿಯಾಗಿಯೇ ಖಾಲಿ ಬಿಟ್ಟಿದ್ದೆ," ಎಂದೆ. ಹತ್ತಿದೆ.

ಕಿಟಕಿಯಿಂದ ತಿರುಗಿ ನೋಡಿದೆ. ಕೈ ಬೀಸುತ್ತಾಳೆಂದುಕೊಂಡಿದ್ದೆ. ಅವಳು ಆಗಲೇ ಬೆನ್ನು ಹಾಕಿ, ದುಪಟ್ಟ ಸೊಂಟಕ್ಕೆ ಬಿಗಿದುಕೊಂಡು, ಹಟ್ಟಿಯ ಕಡೆ ಬೇಗಬೇಗ ಹೆಜ್ಜೆ ಹಾಕುತ್ತಿದ್ದಳು.